ನ್ಯೂಯಾರ್ಕ್‌ನ ಸಿಟಿ ಹಾಲ್ ಸುರಂಗ ನಿಲ್ದಾಣವನ್ನು ಮುಚ್ಚಿದ್ದೇಕೆ?

ಪ್ರಶ್ನೆ, ಬಳ್ಳಾರಿಯಿಂದ:
ನ್ಯೂಯಾರ್ಕ್‌ನ ಮೊದಲ ಸುರಂಗ ರೈಲು ಮಾರ್ಗ 1904ರ ಅಕ್ಟೋಬರ್ 27ರಂದು ಆರಂಭವಾದದ್ದು ಸಿಟಿ ಹಾಲ್ ನಿಲ್ದಾಣದಿಂದ. ಅಂದು ಮೇಯರ್ ಜಾರ್ಜ್ ಮೆಕ್ಲೆಲನ್ ತಾವೇ ರೈಲು ನಡೆಸಿದರು. ಹೆಂಚಿನ ಕಮಾನು, ಹಿತ್ತಾಳೆಯ ತೂಗುದೀಪ, ಗಾಜಿನ ಬೆಳಕಿಂಡಿಗಳಿದ್ದ ಅಷ್ಟು ಚೆಲುವಾದ ನಿಲ್ದಾಣವನ್ನು 1945ರ ಡಿಸೆಂಬರ್ 31ರಂದು ಮುಚ್ಚಿದ್ದೇಕೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ, ರಾಯಚೂರಿನಿಂದ:
ನಿಲ್ದಾಣ ಶಿಥಿಲವಾಗಿತ್ತೆಂದು ಮುಚ್ಚಲಿಲ್ಲ, ಸರ್. ರೈಲುಗಳು ಅದರ ಅಳತೆಯನ್ನು ಮೀರಿ ಬೆಳೆದವು. ಆರಂಭದ ಬೋಗಿಗಳಿಗೆ ಎರಡು ತುದಿಗಳಲ್ಲಿ ಮಾತ್ರ ಬಾಗಿಲುಗಳಿದ್ದುದರಿಂದ ತೀವ್ರವಾಗಿ ಬಾಗಿದ ಆ ಪ್ಲಾಟ್‌ಫಾರ್ಮ್ ತೊಂದರೆ ಕೊಡಲಿಲ್ಲ. ಜನದಟ್ಟಣೆ ಹೆಚ್ಚಿ ಪ್ರತಿ ಬೋಗಿಯ ಮಧ್ಯಭಾಗದಲ್ಲಿಯೂ ಬಾಗಿಲು ಇಟ್ಟಾಗ, ಆ ಬಾಗಿಲಿಗೂ ಪ್ಲಾಟ್‌ಫಾರ್ಮ್ ಅಂಚಿಗೂ ಮಧ್ಯೆ ಅಪಾಯಕಾರಿ ಸಂದು ಉಳಿಯಿತು. ಉದ್ದನೆಯ ರೈಲುಗಳಿಗೆ ಅಲ್ಲಿ ಸ್ಥಳವೂ ಸಾಲುತ್ತಿರಲಿಲ್ಲ. ಇದಕ್ಕಿಂತ ದೊಡ್ಡ ಕಾರಣ ಪಕ್ಕದ ಬ್ರೂಕ್ಲಿನ್ ಬ್ರಿಡ್ಜ್ ನಿಲ್ದಾಣವೆಂದು ನನ್ನ ಅಭಿಪ್ರಾಯ: ಅಲ್ಲಿ ಎಕ್ಸ್‌ಪ್ರೆಸ್ ರೈಲುಗಳೂ ನಿಲ್ಲುತ್ತಿದ್ದುದರಿಂದ ಜನ ಸಹಜವಾಗಿಯೇ ಅತ್ತ ಹೋದರು. ಕೊನೆಯ ದಿನಗಳಲ್ಲಿ ಸಿಟಿ ಹಾಲ್‌ನಲ್ಲಿ ದಿನಕ್ಕೆ ಸುಮಾರು 600 ಪ್ರಯಾಣಿಕರಷ್ಟೇ ಬರುತ್ತಿದ್ದರು.

ಮರುಪ್ರಶ್ನೆ, ಬಳ್ಳಾರಿಯಿಂದ:
ಧನ್ಯವಾದಗಳು. ನಮ್ಮ ಗುಂತಕಲ್–ಹುಬ್ಬಳ್ಳಿ ಮಾರ್ಗವನ್ನು ಬ್ರಾಡ್ ಗೇಜ್‌ಗೆ ಬದಲಿಸಿದಂತೆ ಆ ಪ್ಲಾಟ್‌ಫಾರ್ಮನ್ನೂ ತಿದ್ದಬಹುದಿತ್ತಲ್ಲವೇ?

ಉತ್ತರ, ರಾಯಚೂರಿನಿಂದ:
ರೈಲು ದಿಕ್ಕು ಬದಲಿಸಿ ಮರಳಲೆಂದೇ ಹಾಕಿದ ಸುತ್ತುಹಳಿಯ ಮೇಲೆ ಆ ನಿಲ್ದಾಣವಿದೆ. ಆದ್ದರಿಂದ ಅದನ್ನು ನೇರಗೊಳಿಸುವ ಮಾತೇ ಇರಲಿಲ್ಲ. ಇಂಥದೇ ತಿರುವಿದ್ದ, ಅದೇ ನಗರದ ಸೌತ್ ಫೆರಿ ನಿಲ್ದಾಣದಲ್ಲಿ, ರೈಲು ನಿಂತೊಡನೆ ಮುಂದೆ ಚಾಚಿಕೊಂಡು ಸಂದು ಮುಚ್ಚುವ ಹಲಗೆಗಳನ್ನು ಅಳವಡಿಸಿದ್ದರು. ಬೆರಳೆಣಿಕೆಯ ಪ್ರಯಾಣಿಕರಿಗಾಗಿ ಇಲ್ಲಿ ಅಷ್ಟು ವೆಚ್ಚ ಮಾಡಲಿಲ್ಲ.

ಉತ್ತರ, ಕೊಪ್ಪಳದಿಂದ:
ಕಟ್ಟಡ ಕೆಲಸದಲ್ಲಿರುವ ನನಗೆ ಆ ಕಮಾನುಗಳ ಬಗ್ಗೆ ಅಪಾರ ಗೌರವವಿದೆ. ಸ್ಪೇನ್‌ನಿಂದ ಅಮೆರಿಕಕ್ಕೆ ಬಂದ ರಫಾಯೆಲ್ ಗುವಾಸ್ತವಿನೊ ಅಲ್ಲಿ ಬಳಕೆಗೆ ತಂದ ಈ ಪದ್ಧತಿಯಲ್ಲಿ ತೆಳು ಹೆಂಚುಗಳನ್ನು ಬೇಗ ಗಟ್ಟಿಯಾಗುವ ಗಾರೆಯಿಂದ ಪದರ ಪದರವಾಗಿ, ಒಂದು ಪದರದ ಸಂದಿನ ಮೇಲೆ ಮತ್ತೊಂದರ ಸಂದು ಬಾರದಂತೆ ಕೂರಿಸುತ್ತಾರೆ. ಹೀಗಾಗಿ ಭಾರೀ ಸೆಂಟ್ರಿಂಗ್ (ಕೆಳಗಿನಿಂದ ಆಧಾರ ಕೊಡುವ ತಾತ್ಕಾಲಿಕ ಚೌಕಟ್ಟು) ಇಲ್ಲದೆಯೇ ಕಮಾನು ಮೇಲೇಳುತ್ತದೆ. ಬೆಂಕಿಯನ್ನೂ ತಡೆದುಕೊಳ್ಳುತ್ತದೆ. ನಿಲ್ದಾಣ ಮುಚ್ಚಿದರೂ ಸುತ್ತುಹಳಿ ಬಳಕೆಯಲ್ಲಿಯೇ ಇದ್ದು, 6ನೇ ಸಂಖ್ಯೆಯ ರೈಲುಗಳು ಅಲ್ಲಿಯೇ ತಿರುಗಿ ಉತ್ತರಕ್ಕೆ ಹೊರಡುತ್ತವೆ. ಒಳಗೆ ಇಳಿದು ನೋಡಬಯಸುವವರಿಗಾಗಿ ನ್ಯೂಯಾರ್ಕ್ ಟ್ರಾನ್ಸಿಟ್ ಮ್ಯೂಸಿಯಂ ತನ್ನ ಸದಸ್ಯರಿಗೆ ಮಾರ್ಗದರ್ಶಿತ ಭೇಟಿಗಳನ್ನು ಏರ್ಪಡಿಸುತ್ತದೆ.