ಆಸ್ಕರ್ ಟ್ಯಾಂಕಿಗೆ ಜೊತೆ ಮೀನು ಯಾವುದು ಹಾಕಬಹುದು?

ಪ್ರಶ್ನೆ (ದಾವಣಗೆರೆಯಿಂದ): ಸರ್ ನಮಸ್ತೆ. ಮನೆಯಲ್ಲಿ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಇದೆ. ಒಳಗೆ ಒಂದೇ ಒಂದು ಟೈಗರ್ ಆಸ್ಕರ್, ಈಗ 7 ಇಂಚು. ಜೊತೆಗಿರಲಿ ಅಂತ ಗಪ್ಪಿ, ಮಾಲಿ ಹಾಕಿದ್ದೆವು, ಬೆಳಗಾಗುವಷ್ಟರಲ್ಲಿ ಒಂದೂ ಉಳಿದಿರಲಿಲ್ಲ. ಇಷ್ಟು ದೊಡ್ಡ ಟ್ಯಾಂಕಿಗೆ ಒಂದೇ ಮೀನಾ ಅಂತ ಮನೆಯಲ್ಲಿ ಎಲ್ಲರೂ ಕೇಳುತ್ತಾರೆ. ಅಂಗಡಿಯವರು ಎರಡು ಶಾರ್ಕ್, ಎರಡು ಪ್ಯಾರಟ್, ಒಂದು ಫ್ಲವರ್‌ಹಾರ್ನ್ ಹಾಕಿ, ಏನೂ ಆಗಲ್ಲ ಅಂದರು. ಹಾಕಬಹುದಾ?

ಉತ್ತರ: ನಮಸ್ಕಾರ. ಫ್ಲವರ್‌ಹಾರ್ನ್ ಬೇಡವೇ ಬೇಡ, ಅದು ಬಲು ಜಗಳಗಂಟ ಮೀನು. ಶಾರ್ಕ್ ಕೂಡ ಬೇಡ. ಪ್ಯಾರಟ್ ಬಗ್ಗೆ ಯೋಚನೆ ಮಾಡಬಹುದು, ಆದರೆ ಈ ಟ್ಯಾಂಕಿಗಲ್ಲ.

ಮೊದಲು ಜಾಗದ ಲೆಕ್ಕ ನೋಡೋಣ. ನೀವು ಹೇಳಿದ ಅಳತೆಗೆ 9 ಘನ ಅಡಿ ಬರುತ್ತದೆ, ಅಂದರೆ ಸುಮಾರು 250 ಲೀಟರ್. ಕಲ್ಲು, ಮರಳು, ಮೇಲೆ ಖಾಲಿ ಬಿಟ್ಟ ಜಾಗ ಎಲ್ಲ ಕಳೆದರೆ ಇನ್ನೂ ಕಮ್ಮಿ. ಆಸ್ಕರ್ ಪೂರ್ತಿ ಬೆಳೆದರೆ ಒಂದು ಅಡಿ ಆಗುತ್ತದೆ, ಚೆನ್ನಾಗಿ ಸಾಕಿದರೆ ಅದನ್ನೂ ದಾಟುತ್ತದೆ. ಒಂದೂವರೆ ಅಡಿ ಅಗಲದಲ್ಲಿ ಅದಕ್ಕೆ ತಿರುಗಿಕೊಳ್ಳುವುದೇ ಒಂದು ಕೆಲಸ. ಒಂದು ಆಸ್ಕರಿಗೆ ಈ ಟ್ಯಾಂಕ್ ನಡೆಯುತ್ತದೆ. ಜೊತೆ ಬೇಕೇ ಬೇಕು ಅಂದರೆ 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ್ದು ಮಾಡಿಸಿ. ಅದಕ್ಕೆ ಹತ್ತಿರ ಹತ್ತಿರ 680 ಲೀಟರ್ ಹಿಡಿಯುತ್ತದೆ. ಖರ್ಚಿನ ಮಾತು ಹೌದು, ಆದರೆ ಮೀನು ತಂದ ಮೇಲೆ ಈ ಮಾತಾಡಿ ಪ್ರಯೋಜನವಿಲ್ಲ.

ಜಾಗಕ್ಕೆ ಯಾಕಿಷ್ಟು ಒತ್ತು ಕೊಡುತ್ತೇನೆ ಅಂದರೆ, ಆಸ್ಕರ್ ಅಮೆಜಾನ್ ನದಿಯ ಕಡೆಯ ಸಿಕ್ಲಿಡ್, ಅಂದರೆ ತನ್ನ ಜಾಗಕ್ಕಾಗಿ ಜಗಳವಾಡುವ ಮೀನಿನ ಕುಟುಂಬದ್ದು. ಹೊಳೆಯಲ್ಲಿ ಎರಡು ಮೀನು ಕಿತ್ತಾಡಿದರೆ ಸೋತದ್ದು ದೂರ ಓಡಿಹೋಗುತ್ತದೆ, ಜಗಳ ಅಲ್ಲಿಗೆ ಮುಗಿಯುತ್ತದೆ. ಟ್ಯಾಂಕಿನಲ್ಲಿ ಸೋತ ಮೀನು ಎಷ್ಟು ಓಡಿದರೂ ಮೂರಡಿ ಆಚೆ ಗಾಜು. ಗೆದ್ದ ಮೀನಿನ ಕಣ್ಣಿಗೆ ಅದು ಇನ್ನೂ ತನ್ನ ಜಾಗದಲ್ಲೇ ಇದೆ, ಮತ್ತೆ ಅಟ್ಟುತ್ತದೆ. ಹೀಗೆ ಅಟ್ಟಿ ಅಟ್ಟಿಯೇ ಕೊಲ್ಲುತ್ತದೆ. ಕಚ್ಚಿದ ಗಾಯಕ್ಕಿಂತ ಹೆದರಿಕೆಗೆ, ಹೊಟ್ಟೆಗಿಲ್ಲದೆ ಸಾಯುವ ಮೀನೇ ಜಾಸ್ತಿ.

ಈಗ ಶಾರ್ಕ್ ವಿಷಯ. ಅಂಗಡಿಯಲ್ಲಿ ಬೆಳ್ಳಗೆ, ಕಪ್ಪಗೆ ಮೂರಿಂಚಿನ ಶಾರ್ಕ್ ಅಂತ ಕೊಡುವುದು ಪಂಗಾಸಿಯಸ್. ಹೋಟೆಲಿನಲ್ಲಿ ಬಾಸಾ ಅಂತ ತಿನ್ನುತ್ತೀರಲ್ಲ, ಅದೇ ಮೀನು. ಮೂರು ಅಡಿ ದಾಟಿ ಬೆಳೆಯುತ್ತದೆ. ಬಲು ಪುಕ್ಕಲು. ಯಾರಾದರೂ ಲೈಟ್ ಹಾಕಿದರೆ ಸಾಕು, ಗಾಜಿಗೆ ಮೂತಿ ಚಚ್ಚಿಕೊಳ್ಳುತ್ತದೆ. ಅದನ್ನು ಮನೆ ಟ್ಯಾಂಕಿಗೆ ಯಾಕೆ ಮಾರುತ್ತಾರೋ!

ಪ್ಯಾರಟ್ ಕಥೆ ಬೇರೆ. ಅದು ಮನುಷ್ಯರು ತಳಿ ಬೆರೆಸಿ ಮಾಡಿದ ಮೀನು. ಅದರ ಬಾಯಿ ಸರಿಯಾಗಿ ಮುಚ್ಚುವುದೇ ಇಲ್ಲ. ಸಿಕ್ಲಿಡ್‌ಗಳು ಬಲ ಪರೀಕ್ಷೆ ಮಾಡುವುದೇ ಬಾಯಿಗೆ ಬಾಯಿ ಕೊಟ್ಟು ಎಳೆದಾಡಿ. ಪ್ಯಾರಟ್‌ಗೆ ಆ ಆಟ ಬರಲ್ಲ, ಹಾಗಾಗಿ ಆಸ್ಕರಿಗೆ ಅದರಿಂದ ಅಪಾಯವಿಲ್ಲ. ಆದರೆ ಆಸ್ಕರ್ ತಿರುಗಿ ಬಿದ್ದರೆ ಪಾಪದ್ದಕ್ಕೆ ತಪ್ಪಿಸಿಕೊಳ್ಳಲೂ ಕಷ್ಟ, ಅಷ್ಟು ದಪ್ಪ. ದೊಡ್ಡ ಟ್ಯಾಂಕಿನಲ್ಲಿ, 5 ಇಂಚು ದಾಟಿದ ಪ್ಯಾರಟ್ ಆದರೆ ಹಾಕಿ ನೋಡಬಹುದು.

ನನ್ನನ್ನು ಕೇಳಿದರೆ ಆರಡಿ ಟ್ಯಾಂಕಿಗೆ ಮೊದಲ ಆಯ್ಕೆ ಸಿಲ್ವರ್ ಡಾಲರ್. ಐದಾರರ ಗುಂಪು ಬೇಕು, ಒಂದೆರಡು ತಂದರೆ ಮೂಲೆ ಹಿಡಿಯುತ್ತವೆ. ಮೈ ತಟ್ಟೆಯ ಹಾಗೆ ಅಗಲ, ಆರಿಂಚು ಬೆಳೆಯುತ್ತದೆ, ಆಸ್ಕರ್ ಬಾಯಿಗೆ ಹಿಡಿಸುವುದಿಲ್ಲ. ಚುರುಕು. ಎಲ್ಲಕ್ಕಿಂತ ಮುಖ್ಯ, ಅದು ನಡುನೀರಿನಲ್ಲಿ ಓಡಾಡುವ ಮೀನು, ಆಸ್ಕರಿನ ತಳದ ಜಾಗಕ್ಕೆ ಕೈ ಹಾಕುವುದಿಲ್ಲ. ನೋಡಲೂ ಆಸ್ಕರಿನ ಥರ ಇಲ್ಲ. ಆಕಾರ, ಬಣ್ಣ, ನಡೆ ತನ್ನ ಹಾಗೇ ಇರುವ ಮೀನನ್ನು ಕಂಡರೇ ಸಿಕ್ಲಿಡ್‌ಗೆ ಸಿಟ್ಟು ಜಾಸ್ತಿ. ಸಿಕ್ಲಿಡ್ ಜಾತಿಯದ್ದೇ ಬೇಕು ಅಂದರೆ ಸೆವೆರಮ್ ನೋಡಿ, ಸ್ವಭಾವ ಮೆತ್ತಗೆ.

ಬಿಡುವ ದಿನ ಸುಮ್ನೆ ಕವರ್ ಕತ್ತರಿಸಿ ಸುರಿಯಬೇಡಿ. ಹೊಸ ಮೀನನ್ನು ಎರಡು ಮೂರು ವಾರ ಬೇರೆ ತೊಟ್ಟಿಯಲ್ಲಿಟ್ಟು ವೈಟ್ ಸ್ಪಾಟ್ (ಮೈಮೇಲೆ ಬಿಳಿ ಚುಕ್ಕೆ ಏಳುವ ರೋಗ) ಥರದ್ದು ಏನೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಬಿಡುವ ದಿನ ಕಲ್ಲು, ಮರದ ತುಂಡು ಎಲ್ಲವನ್ನೂ ಎತ್ತಿ ಜಾಗ ಬದಲಿಸಿ. ಆಸ್ಕರಿಗೆ ತನ್ನ ಗಡಿಯೇ ಮರೆತುಹೋಗಬೇಕು. ಹೊಟ್ಟೆ ತುಂಬ ತಿನ್ನಿಸಿ, ಲೈಟ್ ಆರಿಸಿ, ಆಮೇಲೆ ಬಿಡಿ. ಹೊಸ ಟ್ಯಾಂಕೇ ಮಾಡಿಸುತ್ತೀರಿ ಅಂತಾದರೆ ಇನ್ನೂ ಸುಲಭ: ಡಾಲರ್‌ಗಳನ್ನು ಮೊದಲು ಬಿಟ್ಟು, ಆಸ್ಕರನ್ನು ಕೊನೆಗೆ ಬಿಡಿ.

ಪ್ರಶ್ನೆ (ದಾವಣಗೆರೆ, ಮತ್ತೆ): ಅರ್ಥ ಆಯಿತು ಸರ್. ಬಿಟ್ಟ ಮೇಲೆ ಸುಮ್ನೆ ಆಟ ಆಡುತ್ತಿದೆಯಾ, ನಿಜವಾಗಿ ಜಗಳವಾ ಅಂತ ಹೇಗೆ ಗೊತ್ತಾಗುತ್ತದೆ?

ಉತ್ತರ: ಆಸ್ಕರಿನ ಮುಖ ನೋಡಬೇಡಿ, ಹೊಸ ಮೀನನ್ನು ನೋಡಿ. ಆಸ್ಕರ್ ಕಪ್ಪಾಗುವುದು, ಕಿವಿರು ಅರಳಿಸುವುದು, ಬಾಲ ಅದುರಿಸುವುದು ಮೊದಲ ಎರಡು ಮೂರು ದಿನ ಮಾಮೂಲಿ. ಅಟ್ಟಿದ ಮೀನು ಸ್ವಲ್ಪ ಹೊತ್ತಿಗೆ ವಾಪಸ್ ಬಂದು ಊಟ ತಿಂದರೆ ತಲೆಬಿಸಿ ಬೇಡ. ಅದೇ ಮೀನು ರೆಕ್ಕೆಗಳನ್ನು ಮೈಗಂಟಿಸಿಕೊಂಡು ಮೇಲಿನ ಮೂಲೆಯಲ್ಲಿ, ಫಿಲ್ಟರ್ ಪೈಪಿನ ಹಿಂದೆ ನೇತಾಡುತ್ತಿದ್ದರೆ, ಪೆಲೆಟ್ ಹಾಕಿದರೂ ಕೆಳಗೆ ಬರದಿದ್ದರೆ ಅವತ್ತೇ ತೆಗೆಯಿರಿ. ನಾಳೆ ನೋಡೋಣ ಅನ್ನಬೇಡಿ. ಬಾಲ ಹರಿದಿದೆಯಾ, ಪಕ್ಕೆಯಲ್ಲಿ ಪೊರೆ ಎದ್ದಿದೆಯಾ ಅಂತ ಟಾರ್ಚ್ ಹಿಡಿದು ನೋಡಿ.

ಪ್ರಶ್ನೆ (ಹಾಸನದಿಂದ): ಅಣ್ಣಾ, ನಾನು ಸಿಲ್ವರ್ ಡಾಲರ್ ಅಂತಲೇ ನಾಲ್ಕು ತಂದೆ. ಹೊಟ್ಟೆ ಕೆಂಪಗಿದೆ. ಈಗ ಆಸ್ಕರಿಗಿಂತ ಬೇಗ ಬೆಳೆಯುತ್ತಿವೆ. ಇದು ಪಿರಾನ್ಹಾ ಅಂತ ಗೆಳೆಯ ಹೆದರಿಸುತ್ತಿದ್ದಾನೆ.

ಉತ್ತರ: ಪಿರಾನ್ಹಾ ಆಗಿರಲಿಕ್ಕಿಲ್ಲಪ್ಪಾ, ಅದು ರೂಪ್‌ಚಂದ್. ಮೀನು ಮಾರ್ಕೆಟ್ಟಿನಲ್ಲಿ ಕೆಜಿ ಲೆಕ್ಕದಲ್ಲಿ ಸಿಗುವ ಅದೇ ರೂಪ್‌ಚಂದ್, ಇಂಗ್ಲಿಷಿನಲ್ಲಿ ಪಾಕು. ಪಿರಾನ್ಹಾ, ಪಾಕು, ಸಿಲ್ವರ್ ಡಾಲರ್ ಮೂರೂ ಒಂದೇ ಕುಟುಂಬದವು, ಮರಿಯಲ್ಲಿ ಮೋಸ ಹೋಗುವುದು ಸಹಜ. ಬಾಯಿ ಗಮನಿಸಿ. ಪಿರಾನ್ಹಾದ ಹಲ್ಲು ಮೂರು ಮೂಲೆಯ ಚೂಪು, ಕೆಳದವಡೆ ಮುಂದೆ ಚಾಚಿರುತ್ತದೆ. ಪಾಕುವಿನದು ನಮ್ಮ ದವಡೆ ಹಲ್ಲಿನ ಥರ ಚಪ್ಪಟೆ, ಕಾಯಿ ಬೀಜ ಅಗಿಯಲಿಕ್ಕೆ ಆಗಿರುವುದು. ಸಿಲ್ವರ್ ಡಾಲರ್ ಮರಿಗೆ ಅಷ್ಟು ಗಾಢ ಕೆಂಪು ಹೊಟ್ಟೆ ಇರುವುದಿಲ್ಲ. ನಿಮ್ಮ ಮೀನು ಎರಡು ಅಡಿ ತನಕ ಬೆಳೆಯುವ ಜಾತಿ. ಆಸ್ಕರಿಗೆ ತೊಂದರೆ ಕೊಡಲಿಕ್ಕಿಲ್ಲ, ಆದರೆ ನಾಲ್ಕಕ್ಕೂ ಸಾಲುವ ಟ್ಯಾಂಕ್ ಮನೆಯಲ್ಲಿ ಆಗುವ ಮಾತಲ್ಲ. ಚಿಕ್ಕದಿರುವಾಗಲೇ ಸಾಕಣೆ ಹೊಂಡ ಇರುವವರಿಗೆ ಕೊಟ್ಟುಬಿಡಿ.

ಪ್ರಶ್ನೆ (ಬೆಂಗಳೂರಿನಿಂದ): ನನ್ನ ಹತ್ತಿರ ಎರಡು ಆಸ್ಕರ್, ಒಟ್ಟಿಗೆ ಬೆಳೆದವು, ಅಣ್ಣತಮ್ಮಂದಿರ ಹಾಗಿದ್ದವು. ಕಳೆದ ವಾರದಿಂದ ಎರಡೂ ಸೇರಿ, ಗಾಜಿಗಂಟಿಕೊಂಡು ಪಾಚಿ ತಿನ್ನುವ ಸಕ್ಕರ್ ಮೀನನ್ನು ಹಿಂಸೆ ಮಾಡುತ್ತಿವೆ. ಕಲ್ಲಿನ ಮೇಲೆ ಬಾಯಿಂದ ಏನೋ ಉಜ್ಜುತ್ತವೆ. ಸಕ್ಕರಿಗೆ ರೋಗ ಬಂದಿದೆಯಾ?

ಉತ್ತರ: ಸಕ್ಕರ್ ಆರೋಗ್ಯವಾಗಿದೆ ಮೇಡಂ, ನಿಮ್ಮದು ಅಣ್ಣತಮ್ಮ ಅಲ್ಲ, ಜೋಡಿ! ಆಸ್ಕರಿನಲ್ಲಿ ಗಂಡು ಹೆಣ್ಣು ಹೊರಗಿನಿಂದ ನೋಡಿ ಹೇಳಲಾಗುವುದಿಲ್ಲ. ಚಪ್ಪಟೆ ಕಲ್ಲನ್ನು ಉಜ್ಜಿ ತೊಳೆಯುವುದು ಮೊಟ್ಟೆಯ ತಯಾರಿ. ಒಂದು ಸಲಕ್ಕೆ ಸಾವಿರದ ಮೇಲೆ ಇಡಬಹುದು. ಆ ಮೇಲೆ ಟ್ಯಾಂಕಿನಲ್ಲಿರುವ ಬೇರೆ ಯಾವ ಮೀನನ್ನೂ ಅವು ಸಹಿಸುವುದಿಲ್ಲ, ವರ್ಷಗಟ್ಟಲೆ ಜೊತೆಗಿದ್ದದ್ದಾದರೂ ಅಷ್ಟೇ. ಮೊಟ್ಟೆ ತಿನ್ನುವ ಸಕ್ಕರ್ ಅಂತೂ ಮೊದಲ ಶತ್ರು. ಈಗಲೇ ಬೇರೆ ತೊಟ್ಟಿಗೆ ಹಾಕಿ. ಬಲೆಯಲ್ಲಿ ಹಿಡಿಯಬೇಡಿ, ಅದರ ಮುಳ್ಳು ಬಲೆಗೆ ಸಿಕ್ಕಿಕೊಂಡು ಬಿಡಿಸಲು ಕತ್ತರಿ ಬೇಕಾಗುತ್ತದೆ. ಡಬ್ಬಿಯನ್ನು ಎದುರಿಗಿಟ್ಟು ಅದರೊಳಗೆ ನಡೆಸಿ.

ಪ್ರಶ್ನೆ (ಬೆಂಗಳೂರು, ಮತ್ತೆ): ಸಕ್ಕರ್ ಈಗಲೇ ಒಂದಡಿ ಆಗಿದೆ, ಬೇರೆ ಟ್ಯಾಂಕ್ ಇಲ್ಲ. ಮನೆ ಹತ್ತಿರದ ಕೆರೆಗೆ ಬಿಟ್ಟರೆ ಆಗಲ್ವಾ? ಬದುಕಿಕೊಳ್ಳುತ್ತದೆ ಅಲ್ವಾ?

ಉತ್ತರ: ಬದುಕುತ್ತದೆ, ತೊಂದರೆ ಇರುವುದೇ ಅಲ್ಲಿ. ಅದು ದಕ್ಷಿಣ ಅಮೆರಿಕದ ಮೀನು. ಕೊಳಕು ನೀರಿನಲ್ಲೂ ಬದುಕುತ್ತದೆ, ಆಮ್ಲಜನಕ ಕಮ್ಮಿಯಾದರೆ ಮೇಲೆ ಬಂದು ಗಾಳಿ ನುಂಗುತ್ತದೆ. ಮೈ ತುಂಬ ಗಟ್ಟಿ ಚಿಪ್ಪು, ಹಾಗಾಗಿ ನಮ್ಮ ಕೆರೆಯಲ್ಲಿ ಅದನ್ನು ತಿನ್ನುವವರು ಕಮ್ಮಿ. ದಂಡೆಯಲ್ಲಿ ಬಿಲ ತೋಡಿ ಮರಿ ಮಾಡುತ್ತದೆ. ನಮ್ಮ ದೇಶದ ಎಷ್ಟೋ ಕೆರೆ ಹೊಳೆಗಳಲ್ಲಿ ಹೀಗೆ ಬಿಟ್ಟ ಸಕ್ಕರ್ ತುಂಬಿಕೊಂಡು ಬೆಸ್ತರ ಬಲೆ ಹರಿಯುತ್ತಿದೆ. ದಯವಿಟ್ಟು ಬಿಡಬೇಡಿ. ಮೀನು ಸಾಕುವವರ ನಮ್ಮ ಈ ಗ್ರೂಪಿನಲ್ಲೇ ಫೋಟೋ ಹಾಕಿ, ದೊಡ್ಡ ಟ್ಯಾಂಕ್ ಇರುವವರು ಯಾರಾದರೂ ತೆಗೆದುಕೊಳ್ಳುತ್ತಾರೆ. ಅಲ್ಲಿಯತನಕ ನೀರು ತುಂಬುವ ದೊಡ್ಡ ಪ್ಲಾಸ್ಟಿಕ್ ಡ್ರಮ್ ಸಾಕು. ಚೆನ್ನಾಗಿ ತೊಳೆದು, ಟ್ಯಾಂಕಿನದೇ ಹಳೇ ನೀರು ಹಾಕಿ, ಒಂದು ಸ್ಪಾಂಜ್ ಫಿಲ್ಟರ್ ಬಿಡಿ. ರಾತ್ರಿ ಸೌತೆಕಾಯಿ ಹೋಳು ಹಾಕಿ ಬೆಳಗ್ಗೆ ಉಳಿದದ್ದನ್ನು ತೆಗೆಯಿರಿ.

ಪ್ರಶ್ನೆ (ಮೈಸೂರಿನಿಂದ): ಸರ್, ನನ್ನದು 2 ಅಡಿ ಟ್ಯಾಂಕ್. ಆಸ್ಕರ್ ಮರಿ ಒಂದೂವರೆ ಇಂಚಿದೆ. ಈಗ ಚಿಕ್ಕದಲ್ವಾ, ಗೋಲ್ಡ್ ಫಿಶ್ ಜೊತೆ ಇಟ್ಟುಕೊಳ್ಳಬಹುದಾ?

ಉತ್ತರ: ಬೇಡ. ಮೊದಲ ತಿಂಗಳುಗಳಲ್ಲಿ ಆಸ್ಕರ್ ತಿಂಗಳಿಗೆ ಒಂದು ಇಂಚಿನ ಹತ್ತಿರ ಬೆಳೆಯುತ್ತದೆ. ಗೋಲ್ಡ್ ಫಿಶ್‌ಗೆ ತಣ್ಣೀರು ಇಷ್ಟ, ಆಸ್ಕರಿಗೆ 24ರಿಂದ 28 ಡಿಗ್ರಿ ಬೇಕು. ಇಬ್ಬರೂ ಗಲೀಜು ಮಾಡುವುದರಲ್ಲಿ ಎತ್ತಿದ ಕೈ, ಎರಡು ಅಡಿಯ 50 ಚಿಲ್ಲರೆ ಲೀಟರ್ ನೀರು ತಡೆಯುವುದಿಲ್ಲ. ಇನ್ನು ಗೋಲ್ಡ್ ಫಿಶ್ ಆಸ್ಕರಿಗೆ ಊಟವಾದರೂ ಒಳ್ಳೆಯದಲ್ಲ. ಅದರ ಮೈಯಲ್ಲಿ ಬಿ1 ವಿಟಮಿನ್ ಹಾಳು ಮಾಡುವ ಅಂಶ ಇದೆ, ರೋಗವೂ ಅಂಟಬಹುದು. ಆಸ್ಕರ್ ಮರಿಯನ್ನು ಅಂಗಡಿಗೆ ವಾಪಸ್ ಕೊಟ್ಟು, ಆ ಟ್ಯಾಂಕಿಗೆ ಗಪ್ಪಿ ತನ್ನಿ.

ಪ್ರಶ್ನೆ (ಶಿವಮೊಗ್ಗದಿಂದ): ಆಸ್ಕರ್, ಸೆವೆರಮ್ ಆರಡಿ ಟ್ಯಾಂಕಿನಲ್ಲಿ ಚೆನ್ನಾಗಿವೆ ಸರ್. ಚಳಿಗಾಲದಲ್ಲಿ ಹಾಕಿದ ಗಾಜಿನ ಹೀಟರನ್ನು ಆಸ್ಕರ್ ಗುದ್ದಿ ಗುದ್ದಿ ಬೀಳಿಸುತ್ತದೆ.

ಉತ್ತರ: ಅದು ಅದರ ಚಾಳಿ, ಟ್ಯಾಂಕಿನಲ್ಲಿ ಏನಿಟ್ಟರೂ ಸರಿಸಿ ನೋಡಬೇಕು. ಪ್ಲಾಸ್ಟಿಕ್ ಗಾರ್ಡ್ ಇರುವ ಹೀಟರ್ ತೆಗೆದುಕೊಂಡು ಹಿಂಬದಿಯ ಗಾಜಿಗೆ ಅಡ್ಡಲಾಗಿ, ತಳದಿಂದ ಸ್ವಲ್ಪ ಮೇಲೆ ಕೂರಿಸಿ. ಗಾಜು ಸೀಳಿದ ಹೀಟರನ್ನು ಮತ್ತೆ ಬಳಸಬೇಡಿ. ಟ್ಯಾಂಕಿಗೆ ಕೈ ಹಾಕುವ ಮುಂಚೆ ಪ್ಲಗ್ ಕೀಳಿ.