ಏಲಕ್ಕಿ ಬಾಳೆಗೆ ಲ್ಯಾಬ್ ಸಸಿಯೋ, ಕಂದೋ? ಸೊರಗು ರೋಗ ಕಂಡವರು ಅನುಭವ ಹೇಳಿ

ಎರಡು ಎಕರೆ ದೊಡ್ಡಬಳ್ಳಾಪುರ
ಕೆಲಸ ಯಲಹಂಕದಲ್ಲಿ, ಜಮೀನು ದೊಡ್ಡಬಳ್ಳಾಪುರ ತಾಲ್ಲೂಕಲ್ಲಿ. ಕೆಂಪು ಮಣ್ಣು, ಬೋರ್‌ನಲ್ಲಿ ಒಂದೂವರೆ ಇಂಚು ನೀರು. ಎರಡು ಎಕರೆಗೂ ಏಲಕ್ಕಿ ಬಾಳೆ ಹಾಕುವ ಯೋಚನೆ ಇದೆ. ಲ್ಯಾಬ್‌ನಲ್ಲಿ ಬೆಳೆಸಿದ ಟಿಶ್ಯೂ ಕಲ್ಚರ್ ಸಸಿಗೆ ಸೊರಗು ಬರಲ್ಲ ಅಂತ ನರ್ಸರಿಯವರು ಹೇಳ್ತಾರೆ, ತಾಯಿಗಿಡದ ಬುಡದಿಂದ ಕಿತ್ತ ಕಂದೇ ಗಟ್ಟಿ ಅಂತ ಊರಿನವರು. ಒಂದು ವರ್ಷ ಮಳೆ ಸುರಿಯುತ್ತೆ, ಮುಂದಿನ ವರ್ಷ ಹನಿ ಇಲ್ಲ. ಇಂಥದ್ದರಲ್ಲಿ ಯಾವುದು ಸರಿ? ರೋಗದ ಶಿಲೀಂಧ್ರ ತಡೆಯೋಕೆ ಮಣ್ಣಿಗೆ ಹಾಕುವ ಒಳ್ಳೆ ಶಿಲೀಂಧ್ರದ ಪುಡಿ, ಟ್ರೈಕೋಡರ್ಮಾ, ನಿಜಕ್ಕೂ ಕೆಲಸ ಮಾಡುತ್ತಾ? ಖರ್ಚಿನ ಸಮೇತ ತಿಳಿಸಿ.

ಮಾಗಡಿ ತೋಟ
ಒಂದು ಎಕರೆಯ ಲೆಕ್ಕ ಇಲ್ಲಿದೆ. 6 ಅಡಿಗೆ 6 ಅಡಿ, 1,210 ಸಸಿ. ಸಸಿ 22 ರೂಪಾಯಿಯಂತೆ, ಗಾಡಿ ಬಾಡಿಗೆ ಸೇರಿ 28,500. ಒಂದೂವರೆ ಅಡಿ ಗುಂಡಿ, ತಲಾ 15 ರೂಪಾಯಿ, 18,150. ಕೊಟ್ಟಿಗೆ ಗೊಬ್ಬರ ನಾಲ್ಕು ಲೋಡು, 20,000. ಡ್ರಿಪ್‌ಗೆ ಸಬ್ಸಿಡಿ ಕಳೆದು ಕೈಯಿಂದ 14,000. ಒಟ್ಟು 80,650. ಅಂದರೆ ಒಂದು ಎಲೆ ಬಿಡುವ ಮೊದಲೇ ಗಿಡಕ್ಕೆ ಸುಮಾರು 67 ರೂಪಾಯಿ ನೆಲಕ್ಕೆ ಹೋಗಿರುತ್ತೆ. ಏಳನೇ ತಿಂಗಳಿಂದ ಸೊರಗು ಶುರು, 380 ಗಿಡ ಹೋದವು. ಬರೀ ನಾಟಿ ಖರ್ಚಿನಲ್ಲೇ 25,000ಕ್ಕೂ ಮೇಲೆ ಮುಳುಗಿತು, ಏಳು ತಿಂಗಳ ಗೊಬ್ಬರ, ಕಳೆ ಕೂಲಿ ಬೇರೆ. ಗಿಡ ಸತ್ತ ಜಾಗಕ್ಕೂ ಡ್ರಿಪ್ ನೀರು ಬೀಳ್ತಾನೇ ಇರುತ್ತೆ, ಡ್ರಿಪ್ಪರ್‌ಗೆ ಒಂದೊಂದಾಗಿ ಮುಚ್ಚಳ ಹಾಕಿಸೋಕೂ ಕೂಲಿ. ಸಸಿ ಮಾರುವಾಗ "ರೋಗ ಬರಲ್ಲ" ಅಂದವರು, ಬಂದ ಮೇಲೆ "ನಿಮ್ಮ ಮಣ್ಣಿನ ದೋಷ" ಅಂದರು. ಏಲಕ್ಕಿಗೆ ಲ್ಯಾಬ್ ಸಸಿ ಬೇಡವೇ ಬೇಡ.

ಸಸ್ಯರೋಗ ಹೆಬ್ಬಾಳ
ಮಾಗಡಿ ಸಾರ್, ನಿಮ್ಮ ನಷ್ಟ ದೊಡ್ಡದೇ. ಆದರೆ ದೂರು ಸಸಿಯ ಮೇಲಲ್ಲ, ಆ ಸುಳ್ಳು ಭರವಸೆಯ ಮೇಲೆ ಇರಬೇಕು. ಟಿಶ್ಯೂ ಕಲ್ಚರ್ ಸಸಿ ಶುದ್ಧ ಸಸಿ, ರೋಗನಿರೋಧಕ ಸಸಿ ಅಲ್ಲ. ಜೈವಿಕ ತಂತ್ರಜ್ಞಾನ ಇಲಾಖೆಯ ಪ್ರಮಾಣೀಕರಣ 2006ರಿಂದ ಇದೆ. ಅದರಲ್ಲಿ ಬಾಳೆಗೆ ನೋಡುವುದು ವೈರಸ್: ಗುಚ್ಛತುದಿ, ಬ್ರ್ಯಾಕ್ಟ್ ಮೊಸಾಯಿಕ್, ಸೌತೆ ಮೊಸಾಯಿಕ್, ಸ್ಟ್ರೀಕ್. ಜೊತೆಗೆ ತಳಿ ಅದೇನಾ ಅನ್ನುವ ಪರೀಕ್ಷೆ. ಸೊರಗು ತರುವ ಫ್ಯುಸೇರಿಯಂ ಮಣ್ಣಿನ ಶಿಲೀಂಧ್ರ, ಆತಿಥೇಯ ಗಿಡ ಇಲ್ಲದಿದ್ದರೂ ದಶಕಗಳ ಕಾಲ ನೆಲದಲ್ಲಿ ಕೂತಿರುತ್ತೆ. ಏಲಕ್ಕಿ ಅದರ ರೇಸ್ 1 ಅನ್ನುವ ಬಗೆಗೆ ಬಲಿಯಾಗುವ ತಳಿ, ನಂಜನಗೂಡು ರಸಬಾಳೆಯನ್ನು ಹಾಳುಗೆಡವಿದ್ದೂ ಇದೇ ರೋಗ. ಇನ್ನೊಂದು ವಿಷಯ ಯಾರೂ ಹೇಳಲ್ಲ: ಲ್ಯಾಬ್ ಸಸಿಯ ಬೇರಲ್ಲಿ ಒಳ್ಳೆ ಜೀವಾಣುಗಳೂ ಇರಲ್ಲ. ರೋಗದ ಮಣ್ಣಿಗೆ ಹಾಗೇ ನೆಟ್ಟರೆ ಮೊದಲ ತಿಂಗಳುಗಳಲ್ಲಿ ಕಂದಿಗಿಂತ ಬೇಗ ಸೋಲುತ್ತೆ. ನರ್ಸರಿಯಲ್ಲಿ ಎರಡನೇ ಹಂತದ ಹದಗೊಳಿಸುವಿಕೆಗೆ, ಅಂದರೆ ಸಸಿಯನ್ನು ಹೊರಗಿನ ಹವೆಗೆ ಒಗ್ಗಿಸೋಕೆ, ಪಾಲಿಥಿನ್ ಚೀಲಕ್ಕೆ ಯಾವ ಮಣ್ಣು ತುಂಬಿದಾರೆ ಕೇಳಿ. ಬಾಳೆ ತೋಟದ ಮಣ್ಣಾದರೆ ಆ ಸಸಿ ಮುಟ್ಟಬೇಡಿ.

ಮತ್ತೆ, ಸತ್ತಿದ್ದೆಲ್ಲ ಸೊರಗು ಅಂತ ಬರೆಯಬೇಡಿ. ದಿಂಡನ್ನು ಬುಡದಲ್ಲಿ ಅಡ್ಡ ಕತ್ತರಿಸಿ ನೋಡಿ. ನಾಳಗಳಲ್ಲಿ ಕೆಂಪು-ಕಂದು ಚುಕ್ಕಿ, ಉಂಗುರ ಕಂಡು, ಕೆಳಗಿನ ಎಲೆ ಅಂಚಿನಿಂದ ಹಳದಿಯಾಗಿ ತೊಟ್ಟು ಮುರಿದು ದಿಂಡಿನ ಸುತ್ತ ಜೋತುಬಿದ್ದಿದ್ದರೆ ಅದು ಸೊರಗು. ಗಿಡ ಎಳೆದ ತಕ್ಷಣ ಗಡ್ಡೆ ನೆಲದಲ್ಲೇ ಉಳಿದು ದಿಂಡು ಮಾತ್ರ ಕಿತ್ತುಬಂದು ಕೊಳೆತ ನಾತ ಹೊಡೆದರೆ ಅದು ಎರ್ವಿನಿಯಾ ಗಡ್ಡೆಕೊಳೆ, ಬ್ಯಾಕ್ಟೀರಿಯಾದ್ದು. ಬಿಸಿಲಲ್ಲಿ ನೆಟ್ಟು ಬುಡದಲ್ಲಿ ನೀರು ನಿಲ್ಲಿಸಿದಾಗ ಎಳೆ ಲ್ಯಾಬ್ ಸಸಿಗೆ ಅದು ಹೆಚ್ಚು. ಅದಕ್ಕೆ ಟ್ರೈಕೋಡರ್ಮಾ ಸುರಿದು ಪ್ರಯೋಜನವಿಲ್ಲ.

ಮಾಗಡಿ ತೋಟ
ಕೆಂಪು ಉಂಗುರ ಕಣ್ಣಾರೆ ಕಂಡೇ ಬರೆದಿದ್ದು ಮೇಡಂ. ರೈತರಿಗೆ ರೋಗ ಗೊತ್ತಾಗಲ್ಲ ಅನ್ನೋ ಮಾತು ಬಿಡಿ.

ಹೊಸಕೋಟೆ ಸಹಜ
ಇಬ್ಬರೂ ಖರ್ಚಿನ ದಾರಿಯಲ್ಲೇ ಇದೀರಿ. ನಮ್ಮಲ್ಲಿ ಕಂದು, ತಲಾ 8 ರೂಪಾಯಿ. ರೋಗವಿಲ್ಲದ ತೋಟದಿಂದ, ಗೊನೆ ಕಡಿದ ತಾಯಿಗಿಡ ನೋಡಿಯೇ ತೆಗೀಬೇಕು. ಕತ್ತಿಯಂಥ ಸಣ್ಣ ಎಲೆಯ ಕಂದು, ಗಡ್ಡೆ ಒಂದೂವರೆಯಿಂದ ಎರಡು ಕೆಜಿ. ಅಗಲ ಎಲೆಯದ್ದು ಬೇಡ, ಅದರ ಗಡ್ಡೆಯಲ್ಲಿ ಕಸುವಿರಲ್ಲ. ಬೇರು, ಕೊಳೆತ ಭಾಗ ಕೆತ್ತಿ ನೆಡಿ. ನಾಟಿಗೆ ಮುಂಚೆ ಎಕರೆಗೆ 20 ಕೆಜಿ ಸೆಣಬು ಬಿತ್ತಿ ಹೂ ಬರುವಾಗ ಮಣ್ಣಿಗೆ ಸೇರಿಸಿ. ಆಮೇಲೆ ಜೀವಾಮೃತ: 200 ಲೀಟರ್ ನೀರಿಗೆ ನಾಟಿ ಹಸುವಿನ ಸಗಣಿ 10 ಕೆಜಿ, ಗಂಜಲ 10 ಲೀಟರ್, ಬೆಲ್ಲ 2 ಕೆಜಿ, ದ್ವಿದಳ ಹಿಟ್ಟು 2 ಕೆಜಿ, ಬದುವಿನ ಮಣ್ಣು ಒಂದು ಹಿಡಿ. ನೆರಳಲ್ಲಿ 48 ಗಂಟೆ, ದಿನಕ್ಕೆರಡು ಸಲ ತಿರುವಬೇಕು. ಡ್ರಿಪ್‌ಗೆ ಬಿಡೋದಾದರೆ ಎರಡು ಪದರ ಪಂಚೆ ಬಟ್ಟೆಯಲ್ಲಿ ಸೋಸಲೇಬೇಕು, ಇಲ್ಲದಿದ್ದರೆ ಡ್ರಿಪ್ಪರ್ ಕಟ್ಟಿಕೊಳ್ಳುತ್ತೆ. ಖರ್ಚು ಜೀವಾಮೃತದ್ದಲ್ಲ, ನೆಲಕ್ಕೆ ಹಾಸುವ ಹುಲ್ಲಿನ ಮುಚ್ಚಿಗೆಯದ್ದು. ಹುಲ್ಲಿನ ಬೆಲೆ ಏರಿ, ಎಕರೆ ಮುಚ್ಚೋಕೆ ಕೂಲಿ ಸೇರಿ 19,000 ಬೀಳ್ತಿದೆ. ಆದರೆ 2024ರ ಬೇಸಿಗೆಯಲ್ಲಿ ಗಿಡ ಉಳಿದಿದ್ದು ಆ ಮುಚ್ಚಿಗೆಯಿಂದಲೇ.

ಸಸ್ಯರೋಗ ಹೆಬ್ಬಾಳ
ಮುಚ್ಚಿಗೆಯ ಮಾತು ಪೂರ್ತಿ ಒಪ್ಪಿದೆ. ಆದರೆ ಜೀವಾಮೃತದಿಂದ ಸೊರಗು ನಿಲ್ಲುತ್ತೆ ಅಂತ ಯಾರೂ ಓದಿಕೊಳ್ಳಬಾರದು. ಅದರಲ್ಲಿ ಯಾವ ಜೀವಾಣು ಎಷ್ಟಿದೆ ಅನ್ನೋದು ಡ್ರಮ್ಮಿನಿಂದ ಡ್ರಮ್ಮಿಗೆ ಬದಲಾಗುತ್ತೆ. ಟ್ರೈಕೋಡರ್ಮಾಕ್ಕೆ ಪ್ಯಾಕೆಟ್ ಮೇಲೆ ಕನಿಷ್ಠ ಎಣಿಕೆ ಇರುತ್ತೆ, ಗ್ರಾಂಗೆ 20 ಲಕ್ಷ.

ಹೊಸಕೋಟೆ ಸಹಜ
ಪ್ಯಾಕೆಟ್ ಮೇಲಿನ ಎಣಿಕೆ ಪ್ಯಾಕೆಟ್ ಒಳಗೂ ಇದೆಯಾ? ತಗಡಿನ ಚಾವಣಿ ಅಂಗಡಿಯಲ್ಲಿ ಏಪ್ರಿಲ್ ಪೂರ್ತಿ ಬೆಂದ ಪುಡಿ ಮಾರ್ತಾರೆ. ನಮ್ಮ ಹಸುವಿನ ಸಗಣಿಗೆ ಎಕ್ಸ್‌ಪೈರಿ ಇಲ್ಲ.

ಸಸ್ಯರೋಗ ಹೆಬ್ಬಾಳ
ಅದಕ್ಕೇ ಪುಡಿಯನ್ನು ನೇರವಾಗಿ ಗುಂಡಿಗೆ ಹಾಕಬಾರದು. ಕಳಿತ ಕೊಟ್ಟಿಗೆ ಗೊಬ್ಬರ 100 ಕೆಜಿ, ಬೇವಿನ ಹಿಂಡಿ 10 ಕೆಜಿ, ಟ್ರೈಕೋಡರ್ಮಾ 1 ಕೆಜಿ, ನೆರಳಲ್ಲಿ ರಾಶಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ಒದ್ದೆ ಗೋಣಿ ಹೊದಿಸಿ, ಐದು ದಿನಕ್ಕೊಮ್ಮೆ ತಿರುವಿ. ಹದಿನೈದು ದಿನದಲ್ಲಿ ಗೊಬ್ಬರದ ಮೇಲೆ ಬಿಳಿ, ಆಮೇಲೆ ಹಸಿರು ಬೂಷ್ಟು ಕಾಣಬೇಕು. ಕಾಣದಿದ್ದರೆ ಪುಡಿ ಸತ್ತಿದೆ ಅಂತಲೇ ತಿಳೀರಿ. ನಾಟಿಯಲ್ಲಿ ಗುಂಡಿಗೆ 2 ಕೆಜಿ, ಮೂರನೇ ಮತ್ತು ಐದನೇ ತಿಂಗಳು ಮತ್ತೆ ಅಷ್ಟೇ. ಕಾರ್ಬೆಂಡಜಿಮ್ ಅಥವಾ ತಾಮ್ರದ ಶಿಲೀಂಧ್ರನಾಶಕ ಸುರಿದ ಮೇಲೆ ಹದಿನೈದು ದಿನ ಬಿಡಿ. ಎರಡನ್ನೂ ಒಟ್ಟಿಗೆ ಸುರಿದು ಜೈವಿಕ ಕೆಲಸ ಮಾಡಲ್ಲ ಅನ್ನೋರೇ ಜಾಸ್ತಿ. ಇದು ಮುಂಜಾಗ್ರತೆ ಮಾತ್ರ, ಉಂಗುರ ಕಂಡ ಗಿಡ ಉಳಿಯಲ್ಲ.

ಬೋರ್ ಲೆಕ್ಕ
ಕೇಳಿದವರ ನೀರಿನ ಬಗ್ಗೆ ಒಬ್ಬರೂ ಮಾತಾಡಿಲ್ಲ. ಬೋರ್ ನೀರು ಅಳೆಯುವ ವಿ ಆಕಾರದ ಕಿಂಡಿ, ವಿ-ನಾಚ್‌ನಲ್ಲಿ ಒಂದೂವರೆ ಇಂಚು ಅಂದರೆ ಗಂಟೆಗೆ ಸುಮಾರು 1,400 ಲೀಟರ್. ತ್ರೀ ಫೇಸ್ ಕರೆಂಟ್ 7 ಗಂಟೆ ಪೂರ್ತಿ ಸಿಕ್ಕರೂ 10,000 ಲೀಟರ್ ಆಸುಪಾಸು. ದೊಡ್ಡ ಗಿಡಕ್ಕೆ ಏಪ್ರಿಲ್ ಬಿಸಿಲಲ್ಲಿ ದಿನಕ್ಕೆ 20 ಲೀಟರ್ ಬೇಕು. ಅಂದರೆ 500 ಗಿಡ, ಅಷ್ಟೇ. ಎರಡು ಎಕರೆಯ 2,400 ಗಿಡಕ್ಕೆ 48,000 ಲೀಟರ್ ಎಲ್ಲಿಂದ ಬರುತ್ತೆ? ನೀರಿಲ್ಲದೆ ಬೇರು ಬಳಲಿದ ಗಿಡಕ್ಕೇ ಸೊರಗು ಮೊದಲು ಹತ್ತೋದು. ಕೃಷಿ ಹೊಂಡ ಇದೆ ಅನ್ನೋರಿಗೂ ಹೇಳ್ತೀನಿ: 21 ಮೀಟರ್ ಚೌಕದ ಹೊಂಡ ತುಂಬಿದ್ದರೆ ದಿನಕ್ಕೆ 5 ಮಿಲಿಮೀಟರ್ ಆವಿಯಾದರೂ 2,200 ಲೀಟರ್ ಗಾಳಿಗೆ ಹೋಗುತ್ತೆ, ನೂರು ಗಿಡದ ನೀರು. ಹೊಂಡದ ಮೇಲೆ ನೆರಳು ಬಲೆಗೆ ಹಾಕಿದ ದುಡ್ಡು ಇನ್ನೊಂದು ಬೋರ್‌ಗಿಂತ ಮೇಲು.

ಕೋಲಾರದಿಂದ
ನೀವು ಬೋರ್ ಲೆಕ್ಕ ಹಾಕ್ತೀರಿ, ನಮಗೆ 2018ರಿಂದ ಕೆಸಿ ವ್ಯಾಲಿ ಅಂತ ಬೆಂಗಳೂರಿನ ಚರಂಡಿ ನೀರು ಎರಡನೇ ಹಂತದ ಶುದ್ಧೀಕರಣಕ್ಕೇ ನಿಲ್ಲಿಸಿ ಕೆರೆಗೆ ಬಿಡ್ತಿದಾರೆ. ಮೂರನೇ ಹಂತ ಕೇಳಿದರೆ ನಾವು ಅಭಿವೃದ್ಧಿ ವಿರೋಧಿಗಳು.

ಬೋರ್ ಲೆಕ್ಕ
ಆ ಕೆರೆ ತುಂಬಿದ ಮೇಲೆ ಸುತ್ತಲ ಬೋರ್‌ಗಳಲ್ಲಿ ನೀರು ಏರಿದ್ದನ್ನೂ ಹೇಳಿ ಅಣ್ಣ. ಮೂರನೇ ಹಂತ ಬೇಕು ಅನ್ನೋದು ನಿಜ, ನೀರೇ ಬೇಡ ಅನ್ನೋದು ಸರಿಯಲ್ಲ.

ಕೋಲಾರದಿಂದ
ಬೇಡ ಅಂದವರು ಯಾರು? ಶುದ್ಧ ಮಾಡಿ ಕೊಡಿ ಅಂದಿದ್ದು. ನೀವು ಕುಡಿಯದ ನೀರನ್ನು ನಮ್ಮ ಕೆರೆಗೆ ಯಾಕೆ?

ಮಾಗಡಿ ತೋಟ
ಆಸ್ಟ್ರೇಲಿಯಾದಲ್ಲಿ 2024ರಲ್ಲೇ ಸೊರಗು ತಡೆಯುವ ಕುಲಾಂತರಿ ಬಾಳೆಗೆ ಒಪ್ಪಿಗೆ ಸಿಕ್ಕಿದೆ. ನಮಗೆ ಕೊಡೋಕೇನು ಕಷ್ಟ?

ಹೊಸಕೋಟೆ ಸಹಜ
2010ರಲ್ಲಿ ಕುಲಾಂತರಿ ಬಿಟಿ ಬದನೆಗೆ ತಡೆ ಬಿದ್ದಿದ್ದು ಸುಮ್ಮನೆ ಅಲ್ಲ. ಆಗ ಬೆಂಗಳೂರಲ್ಲಿ ನಡೆದ ಸಾರ್ವಜನಿಕ ಸಭೆಯಲ್ಲೂ ರೈತರು ಬಂದು ಕೇಳಿದ್ದರು, ಬೀಜ ಯಾರ ಕೈಯಲ್ಲಿರಬೇಕು ಅಂತ. ಆ ಪ್ರಶ್ನೆ ಹಾಗೇ ಇದೆ.

ಸಸ್ಯರೋಗ ಹೆಬ್ಬಾಳ
ಆಸ್ಟ್ರೇಲಿಯಾದ ಕ್ಯೂಸಿಎವಿ-4 ಪಚ್ಚಬಾಳೆ ಗುಂಪಿನದ್ದು. ಕಾಡುಬಾಳೆಯ ಆರ್‌ಜಿಎ2 ಜೀನ್ ಸೇರಿಸಿದ್ದು ಟಿಆರ್4 ಅನ್ನುವ ಬೇರೆ ಬಗೆಯ ಫ್ಯುಸೇರಿಯಂ ತಡೆಯೋಕೆ. ಆ ಟಿಆರ್4 ನಮ್ಮ ದೇಶದಲ್ಲಿ ಬಿಹಾರದ ಕಟಿಹಾರ ಕಡೆ ಕಂಡಿದೆ. ಅದು ಇಲ್ಲಿಗೆ ಬಂದರೆ ಪಚ್ಚಬಾಳೆ ಗುಂಪಿನ ಜಿ9 ತಳಿ ಕೂಡ ಉಳಿಯಲ್ಲ. ಏಲಕ್ಕಿಗೆ ಆ ಗಿಡದಿಂದ ಇವತ್ತು ಉಪಯೋಗವಿಲ್ಲ, ಅದಕ್ಕೆ ಜಗಳ ಬೇಡ. ಜಗಳ ಆಡಲೇಬೇಕಾದರೆ ಗುದ್ದಲಿ ಬಗ್ಗೆ ಆಡಿ. ಗುತ್ತಿಗೆ ಕೂಲಿಯವರು ಸೊರಗಿನ ತೋಟದಲ್ಲಿ ಕಂದು ಕಿತ್ತ ಗುದ್ದಲಿ, ಮಚ್ಚು ಹಾಗೇ ನಿಮ್ಮ ತೋಟಕ್ಕೆ ತರ್ತಾರೆ. ಮೊದಲು ಮಣ್ಣು ಪೂರ್ತಿ ತೊಳೆಸಿ, ಆಮೇಲೆ ಬ್ಲೀಚಿಂಗ್ ನೀರಲ್ಲಿ ಅದ್ದಿಸಿ. ಮಣ್ಣು ಮೆತ್ತಿದ್ದರೆ ಬ್ಲೀಚಿಂಗ್ ಕೆಲಸ ಮಾಡಲ್ಲ.

ಎರಡು ಎಕರೆ ದೊಡ್ಡಬಳ್ಳಾಪುರ
ಎಲ್ಲರಿಗೂ ವಂದನೆ. ಹಾಗಾದರೆ 500 ಗಿಡಕ್ಕೆ ಇಳಿಸ್ತೀನಿ. ಈ ಜಾಗದಲ್ಲಿ ಇದುವರೆಗೆ ಟೊಮ್ಯಾಟೊ ಇತ್ತು, ಅದಕ್ಕೂ ಸೊರಗು ಬಂದಿತ್ತು. ಆ ಫ್ಯುಸೇರಿಯಂ ಬಾಳೆಗೂ ಹತ್ತುತ್ತಾ?

ಸಸ್ಯರೋಗ ಹೆಬ್ಬಾಳ
ಇಲ್ಲ, ಟೊಮ್ಯಾಟೊದ ಫ್ಯುಸೇರಿಯಂ ಬೇರೆ, ಬಾಳೆಯದ್ದು ಬೇರೆ. ಆದರೆ ಬೇರುಗಂಟು ಜಂತು ಎರಡಕ್ಕೂ ಒಂದೇ. ಅದು ಬೇರಿನಲ್ಲಿ ಗಾಯ ಮಾಡುತ್ತೆ, ಸೊರಗಿನ ಶಿಲೀಂಧ್ರಕ್ಕೆ ಆ ಗಾಯ ಸಾಕು. ಉಳಿದ ಟೊಮ್ಯಾಟೊ ಬುಡ ಕಿತ್ತು ತೊಳೆದು ನೋಡಿ. ಬೇರಲ್ಲಿ ಗಂಟು ಗಂಟಾಗಿದ್ದರೆ ಈ ಸಲ ಬಾಳೆ ನಿಲ್ಲಿಸಿ, ಒಂದು ಬೆಳೆ ಚೆಂಡುಹೂ ಹಾಕಿ.

ಹೊಸಕೋಟೆ ಸಹಜ
ಚೆಂಡುಹೂ ಮಾತು ಸರಿ. ಹೂ ಕೊಯ್ದ ಮೇಲೆ ಗಿಡ ಕಿತ್ತು ಬದುವಿಗೆ ಎಸೀಬೇಡಿ, ಅಲ್ಲೇ ರೋಟರಿ ಹೊಡೆಸಿ ಮಣ್ಣಿಗೆ ಸೇರಿಸಿ.