ಓದುಗರ ಸ್ಪಂದನ: ದೇವರೇ ಹೇಳಿದ್ದು ಎಂದು ಹೇಗೆ ತಿಳಿಯಲಿ?

ಕಳೆದ ಸಂಚಿಕೆಯಲ್ಲಿ ಸಹೋದರಿಯೊಬ್ಬರು ಬರೆದ ಪತ್ರ ನಿಮಗೆ ನೆನಪಿರಬಹುದು. ಉಪವಾಸ ಪ್ರಾರ್ಥನೆಯಲ್ಲಿ ಹಿರಿಯ ಸಹೋದರರೊಬ್ಬರು ಇವರ ತಲೆಯ ಮೇಲೆ ಕೈಯಿಟ್ಟು, "ಕೆಲಸ ಬಿಟ್ಟು ಪೂರ್ಣಾವಧಿ ಸೇವೆಗೆ ಬಾ ಎಂದು ಕರ್ತನು ಹೇಳುತ್ತಿದ್ದಾನೆ, ಈ ತಿಂಗಳೊಳಗೆ ವಿಧೇಯಳಾಗು" ಎಂದಿದ್ದರು. ಹಾಸಿಗೆ ಹಿಡಿದ ತಾಯಿಗೆ ಇವರ ಸಂಬಳವೇ ಆಧಾರ. ಅಂದಿನಿಂದ ಇವರಿಗೆ ನಿದ್ದೆಯಿಲ್ಲ. ಕಣ್ಣುಮುಚ್ಚಿ ಬೈಬಲ್ ತೆರೆದರೆ ಒಂದು ದಿನ "ಹೊರಡು" ಎನ್ನುವ ವಾಕ್ಯ, ಮರುದಿನ "ಸುಮ್ಮನಿರು" ಎನ್ನುವ ವಾಕ್ಯ. ಒಂದು ರಾತ್ರಿ ಅತ್ತು ಅತ್ತು ರಾಜೀನಾಮೆ ಪತ್ರವನ್ನೂ ಬರೆದಿಟ್ಟಿದ್ದಾರೆ, ಇನ್ನೂ ಕೊಟ್ಟಿಲ್ಲ. "ಸಂದೇಹಪಟ್ಟರೆ ಪವಿತ್ರಾತ್ಮನನ್ನು ದುಃಖಪಡಿಸಿದ ಹಾಗೆ ಆಗುತ್ತದೆಯೇ? ದೇವರ ಧ್ವನಿ ಯಾವುದು, ನನ್ನ ಭಯ ಯಾವುದು, ಹೇಗೆ ತಿಳಿಯಲಿ?" ಎಂದು ಕೇಳಿದ್ದರು. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

*

ಸಹೋದರಿ, ನಾನು ಮಾಡಿದ ಕೆಲಸದಿಂದಲೇ ಒಂದು ಮಾತು ಹೇಳುತ್ತೇನೆ. ನರ್ಸಿಂಗ್ ಕಲಿಯಲು ಸೇರಿದ ಹೊಸತು. ಬಿ.ಪಿ. ನೋಡುವುದನ್ನು ಹೇಳಿಕೊಟ್ಟಿದ್ದರು. ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಮೊಣಕೈ ಒಳಮಗ್ಗುಲಿಗೆ ಸ್ಟೆತಾಸ್ಕೋಪ್ ಒತ್ತಿ, ನಿಧಾನವಾಗಿ ಗಾಳಿ ಬಿಡುತ್ತಾ ಬರಬೇಕು. ಒಂದು ಹಂತದಲ್ಲಿ ಟಕ್ ಟಕ್ ಸದ್ದು ಶುರುವಾಗುತ್ತದೆ, ಇನ್ನೊಂದು ಹಂತದಲ್ಲಿ ನಿಲ್ಲುತ್ತದೆ. ನನಗೆ ಕೇಳಿಸಿದ್ದು ಬರೀ ಗರಗರ. ಹೆದರಿಕೆಯಲ್ಲಿ "120, 80" ಎಂದುಬಿಟ್ಟೆ. ಪುಸ್ತಕದಲ್ಲಿ ಅದೇ ಇತ್ತಲ್ಲ, ಅದೇ ಬಾಯಿಗೆ ಬಂತು. ಹಿಂದೆ ನಿಂತಿದ್ದ ಹಿರಿಯ ಸಿಸ್ಟರ್ ಅದೇ ತೋಳನ್ನು ಮತ್ತೆ ನೋಡಿ "160" ಎಂದರು. ಬೈಯಲಿಲ್ಲ. "ನೀನು ಕೇಳಿಸಿಕೊಂಡಿದ್ದು ನಿನ್ನದೇ ಬೆರಳು ಕೊಳವೆಗೆ ಉಜ್ಜಿದ ಸದ್ದು. ಕೈ ಸಡಿಲ ಬಿಡು. ಗಾಳಿ ಇನ್ನೂ ನಿಧಾನ ಬಿಡು. ನಾಳೆ ಬೆಳಿಗ್ಗೆ ಈ ವಾರ್ಡಿನಲ್ಲಿ ಎಲ್ಲರದ್ದೂ ನೀನೇ ನೋಡು" ಎಂದರು. ಎಷ್ಟೋ ತೋಳು ನೋಡಿದ ಮೇಲೆ ಒಂದು ದಿನ ಆ ಸದ್ದು ತಾನಾಗಿ ಕಿವಿಗೆ ಬಿತ್ತು. ಆಮೇಲೆ ಮರೆಯಲಿಲ್ಲ.

ಇಬ್ರಿಯರಿಗೆ ಬರೆದ ಪತ್ರದ 5ನೇ ಅಧ್ಯಾಯದ ಕೊನೆಯಲ್ಲಿ ಇದೇ ಮಾತಿದೆ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಗುರುತಿಸುವ ಶಕ್ತಿ ಅಭ್ಯಾಸದಿಂದ ಬರುತ್ತದೆ. ನಾವು ದಿನನಿತ್ಯದ ಸಣ್ಣ ವಿಷಯಗಳಲ್ಲಿ ಕೇಳುವುದೇ ಇಲ್ಲ, ಬದುಕೇ ತಿರುಗುವ ದೊಡ್ಡ ತೀರ್ಮಾನ ಬಂದಾಗ ಮಾತ್ರ ಕಿವಿಗೊಟ್ಟು ಕೂರುತ್ತೇವೆ. ಆಗ ನಮ್ಮದೇ ಬೆರಳಿನ ಗರಗರ ಬಿಟ್ಟು ಇನ್ನೇನು ಕೇಳಿಸೀತು? ರೋಗಿಯ ಮೇಲೆ ರೇಗಬೇಕೆನ್ನಿಸಿದಾಗ ಒಳಗೆ ಯಾರೋ ತಡೆದ ಹಾಗಾಗಿ ಸುಮ್ಮನಾದದ್ದು, ಬೇಡವೆಂದರೂ ಕಾಡಿಸಿದ ಒಂದು ಕ್ಷಮಾಪಣೆಯನ್ನು ಕೊನೆಗೆ ಹೋಗಿ ಕೇಳಿದ್ದು, ಇಂಥವುಗಳಲ್ಲೇ ನನ್ನ ಕಿವಿ ತಯಾರಾದದ್ದು.

ಬೈಬಲಿನ ಹುಡುಗ ಸಮುವೇಲನನ್ನು ನೋಡಿ. ಮೂರು ಸಲ ದೇವರು ಕರೆದರೂ ಯಾಜಕನಾದ ಏಲಿಯೇ ಕರೆದನೆಂದು ಎದ್ದು ಓಡಿದ. ದೇವರು ಸಿಟ್ಟಾಗಲಿಲ್ಲ, ನಾಲ್ಕನೆಯ ಸಲವೂ ಕರೆದನು. ಕರೆದದ್ದು ದೇವರೆಂದು ಮೊದಲು ಗುರುತಿಸಿದವನು ಏಲಿ. ಕಣ್ಣು ಮಬ್ಬಾದ, ಸ್ವಂತ ಮಕ್ಕಳನ್ನು ತಿದ್ದಲಾಗದ ಮುದುಕ. ಆದರೆ ಆ ಏಲಿ "ದೇವರು ನಿನಗೆ ಇಂಥದ್ದು ಹೇಳುತ್ತಿದ್ದಾನೆ" ಎನ್ನಲಿಲ್ಲ. "ಹೋಗಿ ಮಲಗಿಕೋ, ಮತ್ತೆ ಕರೆದರೆ ಹೇಳು ಕರ್ತನೇ, ನಿನ್ನ ದಾಸನು ಕೇಳುತ್ತಿದ್ದಾನೆ ಎನ್ನು" ಎಂದು ಕೇಳಿಸಿಕೊಳ್ಳುವುದನ್ನು ಕಲಿಸಿದ. ಸಂದೇಶವನ್ನು ಹುಡುಗನೇ ಕೇಳಿಸಿಕೊಂಡ. ನಿಮ್ಮ ಸಭೆಯಲ್ಲಿ ಅಂಥ ಹಿರಿಯರೊಬ್ಬರು ಖಂಡಿತ ಇರುತ್ತಾರೆ. ವೇದಿಕೆಯ ಮೇಲೆ ಹುಡುಕಬೇಡಿ, ಹಿಂದಿನ ಸಾಲಿನಲ್ಲಿ ನೋಡಿ.

— ನಿವೃತ್ತ ನರ್ಸ್

*

ಪವಿತ್ರಾತ್ಮನನ್ನು ದುಃಖಪಡಿಸುತ್ತೇನೋ ಎಂಬ ನಿಮ್ಮ ಹೆದರಿಕೆಯ ಬಗ್ಗೆ ಮಾತ್ರ ಬರೆಯುತ್ತೇನೆ. ಆ ಮಾತು ಎಫೆಸದವರಿಗೆ ಬರೆದ ಪತ್ರದ 4:30ರಲ್ಲಿದೆ. ಅಲ್ಲಿಗೇ ನಿಲ್ಲಿಸದೆ ಮುಂದಿನ ವಚನವನ್ನೂ ಓದಿ. ಕೋಪ, ಕ್ರೋಧ, ಕಲಹ, ದೂಷಣೆ ನಿಮ್ಮಿಂದ ದೂರವಾಗಲಿ ಎನ್ನುತ್ತಾನೆ ಪೌಲ. ಪರೀಕ್ಷಿಸಿ ನೋಡುವುದು ಆ ಪಟ್ಟಿಯಲ್ಲಿಲ್ಲ. ಥೆಸಲೊನೀಕದವರಿಗೆ ಬರೆದ ಮೊದಲ ಪತ್ರದ 5ನೇ ಅಧ್ಯಾಯದಲ್ಲಂತೂ ಆತ್ಮನನ್ನು ನಂದಿಸಬೇಡಿ, ಪ್ರವಾದನೆಯನ್ನು ಹೀನೈಸಬೇಡಿ, ಎಲ್ಲವನ್ನೂ ಪರಿಶೋಧಿಸಿ ಎಂಬ ಮೂರು ಮಾತೂ ಒಂದರ ಬೆನ್ನಿಗೆ ಒಂದು ಬರುತ್ತವೆ. ಪೌಲನೇ ಖುದ್ದಾಗಿ ಬಂದು ಬೋಧಿಸಿದಾಗಲೂ ಬೆರೋಯ ಎಂಬ ಊರಿನವರು ಅದು ಹೌದೋ ಅಲ್ಲವೋ ಎಂದು ಪ್ರತಿದಿನ ಶಾಸ್ತ್ರ ತೆರೆದು ನೋಡಿದರು. ಅದಕ್ಕೆ ಅವರನ್ನು ಯಾರೂ ಗದರಲಿಲ್ಲ. ಅಪೊಸ್ತಲರ ಕೃತ್ಯಗಳು 17:11ರಲ್ಲಿ ಅವರಿಗೆ ಮೆಚ್ಚುಗೆಯೇ ಸಿಕ್ಕಿದೆ. ಪೌಲನ ಮಾತನ್ನೇ ಒರೆಗೆ ಹಚ್ಚಬಹುದಾದರೆ ನಿಮ್ಮ ಹಿರಿಯ ಸಹೋದರರ ಮಾತನ್ನೂ ಹಚ್ಚಬಹುದು. ಧೈರ್ಯವಾಗಿರಿ.

— ಭಾನುವಾರ ಶಾಲೆಯ ಶಿಕ್ಷಕ

*

ಈ ಪತ್ರ ಬರೆಯಲು ನನಗೆ ಕಷ್ಟವಾಗುತ್ತಿದೆ. ಏಕೆಂದರೆ ನಾನು ನಿಮ್ಮ ಜಾಗದಲ್ಲಿದ್ದವನಲ್ಲ, ಆ ಹಿರಿಯ ಸಹೋದರರ ಜಾಗದಲ್ಲಿದ್ದವನು.

ಯೌವನಸ್ಥರ ಕೂಟವನ್ನು ನಡೆಸುತ್ತಿದ್ದ ಕಾಲ. ಕೂಟದ ಹಾಡುಗಳೆಲ್ಲ ಒಬ್ಬ ಹುಡುಗಿಯ ಮೇಲೆ ನಿಂತಿದ್ದವು. ಅವಳಿಗೆ ದೂರದ ಊರಿನಲ್ಲಿ ಓದಲು ಸೀಟು ಸಿಕ್ಕಿತು. ಪ್ರಾರ್ಥನೆ ಮಾಡಿ ಅಣ್ಣ ಎಂದು ಬಂದಳು. ಮೂರು ದಿನ ಉಪವಾಸ ಮಾಡಿದೆ, ಕಣ್ಣೀರಿಟ್ಟು ಪ್ರಾರ್ಥಿಸಿದೆ. ಕೊನೆಗೆ "ನೀನು ಇಲ್ಲೇ ಇರಬೇಕೆಂದು ದೇವರು ತೋರಿಸಿದ್ದಾನೆ" ಎಂದೆ. ಅವಳು ಒಂದು ಮಾತೂ ಎದುರಾಡದೆ ಸೀಟು ಬಿಟ್ಟಳು.

ನಾಲ್ಕು ವರ್ಷ ಕಳೆದ ಮೇಲೆ, ಕೂಟ ಮುಗಿದು ನಾವಿಬ್ಬರೂ ಕುರ್ಚಿ ಮಡಚಿಡುತ್ತಿದ್ದಾಗ ಕೇಳಿದಳು. "ಅಣ್ಣ, ಅವತ್ತು ದೇವರು ನಿಜವಾಗಲೂ ಮಾತಾಡಿದ್ರಾ?" ಕೈಯಲ್ಲಿದ್ದ ಕುರ್ಚಿ ಅಲ್ಲೇ ನಿಂತಿತು. ಸುಳ್ಳು ಹೇಳಬೇಕೆಂದು ನಾನು ಅವತ್ತು ಹೇಳಿರಲಿಲ್ಲ. ಅವಳು ಹೋದರೆ ಹಾಡುವವರಾರು ಎಂಬ ಚಿಂತೆ ಉಪವಾಸದ ಮೂರೂ ದಿನ ನನ್ನ ಜೊತೆಗೇ ಕೂತಿತ್ತು. ಅದು ಪ್ರಾರ್ಥನೆಯ ಬಟ್ಟೆ ತೊಟ್ಟು ಬಂದದ್ದು ನನಗೇ ಗೊತ್ತಾಗಲಿಲ್ಲ. ಕಾಲಿಗೆ ಬಿದ್ದು ಕ್ಷಮೆ ಕೇಳಿದೆ. ಅವಳು ಕ್ಷಮಿಸಿದಳು. ಆ ನಾಲ್ಕು ವರ್ಷ ಮಾತ್ರ ನನ್ನಿಂದ ತಿರುಗಿ ಕೊಡಲಾಗಲಿಲ್ಲ.

ಆದ್ದರಿಂದ ಸಹೋದರಿ, ನಿಮಗೆ ಹೇಳಿದವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಪ್ರಾಮಾಣಿಕರೇ ಇರಬಹುದು. ನೀವು ಬಂದರೆ ಅವರ ಯಾವ ಕೊರತೆ ತುಂಬುತ್ತದೆ ಎಂದು ಒಮ್ಮೆ ಯೋಚಿಸಿ. ನಿಮ್ಮ ತಾಯಿಯ ಬಗ್ಗೆ ಅವರು ಕೇಳಿದರೇ? ಆ ತಿಂಗಳ ಗಡುವು ಎಲ್ಲಿಂದ ಬಂತು? ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ 14:29ರಲ್ಲಿ, ಇಬ್ಬರು ಮೂವರು ಪ್ರವಾದಿಸಲಿ, ಉಳಿದವರು ಅದನ್ನು ತೂಗಿ ನೋಡಲಿ ಎಂದಿದೆ. ನಿಮಗೆ ಬಂದ ಮಾತನ್ನು ಯಾರಾದರೂ ತೂಗಿ ನೋಡಿದರೇ? ನಾನಂತೂ ಈಗ ಯಾರಿಗೇ ಆಗಲಿ "ನನಗೆ ಹೀಗನ್ನಿಸುತ್ತಿದೆ, ನಾನು ತಪ್ಪಿರಬಹುದು, ನೀವೇ ಪರೀಕ್ಷಿಸಿ" ಎಂದಷ್ಟೇ ಹೇಳುತ್ತೇನೆ.

— ಹೆಸರು ಬೇಡವೆಂದವರು

*

ನಾವು ಕಥೋಲಿಕರು. ನಿಮ್ಮ ಪತ್ರದಲ್ಲಿ ಅಳುತ್ತಾ ರಾಜೀನಾಮೆ ಬರೆದ ಸಾಲು ಓದಿ ನನಗೆ ಸಂತ ಇಗ್ನೇಷಿಯಸ್ ಲೊಯೋಲಾ ನೆನಪಾದರು. 1521ರಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಅವರ ಕಾಲು ಮುರಿಯಿತು. ತಿಂಗಳುಗಟ್ಟಲೆ ಮನೆಯಲ್ಲಿ ಮಲಗಬೇಕಾಯಿತು. ಓದಲು ವೀರರ ಸಾಹಸದ ಕಥೆಗಳನ್ನು ಕೇಳಿದರು, ಆದರೆ ಮನೆಯಲ್ಲಿ ಇದ್ದದ್ದು ಕ್ರಿಸ್ತನ ಚರಿತ್ರೆ ಮತ್ತು ಸಂತರ ಚರಿತ್ರೆ ಮಾತ್ರ. ಮಲಗಿದಲ್ಲೇ ಒಮ್ಮೆ ಯುದ್ಧ, ಕೀರ್ತಿ, ಒಬ್ಬ ದೊಡ್ಡ ಮನೆತನದ ಹೆಣ್ಣು ಎಂದು ಹಗಲುಗನಸು ಕಾಣುವರು. ಇನ್ನೊಮ್ಮೆ ಸಂತರ ಹಾಗೆ ಬದುಕಿದರೆ ಹೇಗೆ ಎಂದು ಯೋಚಿಸುವರು. ಎರಡೂ ಆ ಹೊತ್ತಿಗೆ ಹಿತವಾಗಿಯೇ ಇದ್ದವು. ಮೊದಲಿನದು ಮುಗಿದ ಮೇಲೆ ಮನಸ್ಸು ಒಣಗಿ ಬೇಸರವಾಗುತ್ತಿತ್ತು. ಎರಡನೆಯದು ಮುಗಿದ ಮೇಲೂ ನೆಮ್ಮದಿ ಉಳಿಯುತ್ತಿತ್ತು. ಈ ವ್ಯತ್ಯಾಸವನ್ನು ಅವರು ಗಮನಿಸಿದರು. ಆತ್ಮಗಳ ವಿವೇಚನೆಯ ಬಗ್ಗೆ, ಎಂದರೆ ಮನಸ್ಸಿನ ಯಾವ ಪ್ರೇರಣೆ ದೇವರದು, ಯಾವುದು ಅಲ್ಲ ಎಂದು ಗುರುತಿಸುವುದರ ಬಗ್ಗೆ, ಅವರು ಮುಂದೆ ಕಲಿಸಿದ್ದೆಲ್ಲ ಶುರುವಾದದ್ದು ಆ ಹಾಸಿಗೆಯಲ್ಲಿ.

ಅವರ ಒಂದು ನಿಯಮವನ್ನು ನಮ್ಮ ಗುರುಗಳು ನನಗೆ ಬಾಯಿಪಾಠ ಮಾಡಿಸಿದ್ದಾರೆ. ಮನಸ್ಸು ಕತ್ತಲಾಗಿರುವಾಗ ಮೊದಲಿನ ತೀರ್ಮಾನವನ್ನು ಬದಲಿಸಬೇಡ. ಆದ್ದರಿಂದ ಆ ರಾಜೀನಾಮೆ ಪತ್ರವನ್ನು ಈಗ ಕೊಡಬೇಡಿ, ಪೆಟ್ಟಿಗೆಯಲ್ಲಿಡಿ. ಇನ್ನೊಂದು ಎಚ್ಚರಿಕೆಯನ್ನೂ ಅವರೇ ಹೇಳಿದ್ದಾರೆ, ಇದನ್ನು ಎಷ್ಟೋ ಜನ ಮರೆಯುತ್ತಾರೆ. ದೇವರು ನಿಜವಾಗಿಯೇ ಹೃದಯ ತುಂಬಿದ ಘಳಿಗೆ ಬೇರೆ, ಅದರ ಬಿಸಿ ಆರದಿರುವಾಗ ನಾವೇ ಹೂಡುವ ಯೋಜನೆ ಬೇರೆ. ಕೂಟದಲ್ಲಿ ನಿಮಗಾದ ಸಂತೋಷ ದೇವರದ್ದೇ ಆಗಿರಬಹುದು. ಈ ತಿಂಗಳೇ ಕೆಲಸ ಬಿಡಬೇಕೆಂಬುದು ಅದರ ಜೊತೆಗೇ ಬಂತೋ, ಆಮೇಲೆ ಸೇರಿತೋ, ನೋಡಿಕೊಳ್ಳಿ. ರಾತ್ರಿ ಮಲಗುವ ಮುಂಚೆ ಹದಿನೈದು ನಿಮಿಷ ಕೂತು, ಈ ದಿನ ಯಾವಾಗ ದೇವರಿಗೆ ಹತ್ತಿರವಾದೆ, ಯಾವಾಗ ದೂರವಾದೆ ಎಂದು ಬೆಳಗಿನಿಂದ ನೆನೆದುಕೊಳ್ಳಿ. ನಾನು ಎರಡೆರಡು ಸಾಲು ಬರೆದಿಡುತ್ತೇನೆ. ತಿಂಗಳ ಕೊನೆಯಲ್ಲಿ ಒಟ್ಟಿಗೆ ಓದಿದರೆ ಅಂದಂದು ಕಾಣದ್ದು ಕಾಣುತ್ತದೆ.

— ಇಬ್ಬರು ಮಕ್ಕಳ ತಾಯಿ

*

ಕಣ್ಣುಮುಚ್ಚಿ ಬೈಬಲ್ ತೆರೆಯುವುದನ್ನು ದಯವಿಟ್ಟು ಬಿಡಿ. ನಾನೂ ಮಾಡುತ್ತಿದ್ದೆ. ನನಗೆ ಬೇಕಾದ ವಾಕ್ಯ ಬರುವ ತನಕ ತೆರೆಯುತ್ತಿದ್ದೆ, ಬಂದ ಮೇಲೆ ನಿಲ್ಲಿಸುತ್ತಿದ್ದೆ. ಅರಣ್ಯದಲ್ಲಿ ಯೇಸುವಿಗೆ ಸೈತಾನನು ತೋರಿಸಿದ್ದೂ ವಾಕ್ಯವನ್ನೇ, 91ನೇ ಕೀರ್ತನೆಯದು. ಯೇಸು ಮೂರು ಸಲವೂ ಧರ್ಮೋಪದೇಶಕಾಂಡದಿಂದ ಉತ್ತರ ಕೊಟ್ಟನು. ಆ ಪುಸ್ತಕ ಪೂರ್ತಿ ಅವನ ಒಳಗಿತ್ತು. ಒಂದು ಸುವಾರ್ತೆಯನ್ನು ಮೊದಲಿನಿಂದ ಕೊನೆಯ ತನಕ ಓದಿ. ಮಾರ್ಕನದ್ದು ಬರೀ 16 ಅಧ್ಯಾಯ. ಅದರ 7ನೆಯದಕ್ಕೆ ಬಂದಾಗ, ದೇವರಿಗೆ ಮುಡಿಪು ಎಂದು ಹೇಳಿ ತಂದೆತಾಯಿಗೆ ಏನೂ ಮಾಡದಂತೆ ಕಲಿಸಿದವರಿಗೆ ಯೇಸು ಏನೆಂದನು ಎಂಬುದನ್ನು ನಿಧಾನವಾಗಿ ಓದಿ. ನನಗನ್ನಿಸುವುದು, ನಿಮ್ಮ ಅಮ್ಮನ ಹಾಸಿಗೆಯ ಪಕ್ಕದಲ್ಲಿ ನೀವು ಈಗಲೇ ಪೂರ್ಣಾವಧಿ ಸೇವೆಯಲ್ಲಿದ್ದೀರಿ.

— ಕಚೇರಿ ಗುಮಾಸ್ತೆ

*

ಪ್ರವಾದಿ ಯೆರೆಮೀಯನ ಪುಸ್ತಕದ 28ನೇ ಅಧ್ಯಾಯ ನೋಡಿ ಅಮ್ಮಾ. ಬಾಬೆಲಿನ ಅರಸನ ಅಧೀನ ತಪ್ಪಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಹನನ್ಯನೆಂಬ ಪ್ರವಾದಿ ಕರ್ತನ ಹೆಸರಿನಲ್ಲಿ, ದೇವಾಲಯದಲ್ಲಿ, ಎಲ್ಲರ ಎದುರಿಗೆ ಹೇಳಿದ. ಆ ಅಧೀನದ ಗುರುತಾಗಿ ಯೆರೆಮೀಯನ ಹೆಗಲ ಮೇಲಿದ್ದ ನೊಗವನ್ನೂ ತೆಗೆದು ಮುರಿದುಹಾಕಿದ. ಯೆರೆಮೀಯನು ಮೊದಲೇ "ಆಮೆನ್, ಕರ್ತನು ಹಾಗೆಯೇ ಮಾಡಲಿ" ಎಂದಿದ್ದ. ಅದು ಸುಳ್ಳಾಗಲಿ ಎಂದು ಅವನಿಗೇನೂ ಆಸೆ ಇರಲಿಲ್ಲ. ಸಮಾಧಾನದ ಮಾತು ಹೇಳುವ ಪ್ರವಾದಿಯನ್ನು ಅವನ ಮಾತು ನೆರವೇರಿದಾಗ ತಿಳಿಯಬಹುದು ಎಂದೂ ಹೇಳಿದ್ದ. ನೊಗ ಮುರಿದ ಮೇಲೆ ಅವನು ಜಗಳವಾಡಲಿಲ್ಲ, ಅಲ್ಲೇ ನಿಂತು ಮರುಪ್ರವಾದನೆ ಹೇಳಲೂ ಇಲ್ಲ. ತನ್ನ ದಾರಿ ಹಿಡಿದು ಹೊರಟುಹೋದ. ದೇವರ ಉತ್ತರ ಅವನಿಗೆ ಬಂದದ್ದು ಆಮೇಲೆ. ನಾನು ಮೂವತ್ತು ವರ್ಷ ಸಭೆಯ ಹಿರಿಯನಾಗಿದ್ದವನು, ಎಷ್ಟೋ ಸಲ ಅವಸರಪಟ್ಟು ಕೆಟ್ಟಿದ್ದೇನೆ. ನಿನಗೆ ಕೊಟ್ಟ ತಿಂಗಳು ಮುಗಿದರೆ ಮುಗಿಯಲಿ. ಅವರಿಗೆ ನಮಸ್ಕಾರ ಹೇಳಿ, "ಪ್ರಾರ್ಥಿಸುತ್ತಿದ್ದೇನೆ, ಇನ್ನೂ ತಿಳಿದಿಲ್ಲ" ಎಂದು ಹೇಳಿ, ಅಮ್ಮನ ಮಾತ್ರೆಯ ಹೊತ್ತಿಗೆ ಮನೆ ಸೇರು.

— ಸಭೆಯ ಹಿರಿಯರೊಬ್ಬರು